ಆ ದನಿ ಏನಂತು?

ಪುಣೆ ಕ್ಯಾಂಪಿನ ಎಂ.ಜಿ. ರೋಡಿನಲ್ಲಿ ಸಂಜೆ ಏಳರ ಹೊತ್ತಿಗೆ ನಿಂತು ನೋಡಿ. ಹತ್ತು ಜನರಲ್ಲಿ ಮೂರ್ನಾಲ್ಕು ಮಂದಿ ಗಾಳಿಯ ಜೊತೆ ಮಾತಾಡುತ್ತಿರುತ್ತಾರೆ. ಹುಬ್ಬು ಹಾರಿಸುತ್ತಾರೆ, ಕೈ ಬೀಸುತ್ತಾರೆ, ಇದ್ದಕ್ಕಿದ್ದ ಹಾಗೆ ನಕ್ಕುಬಿಡುತ್ತಾರೆ. ಕಿವಿಯೊಳಗೆ ಕಡಲೆಕಾಳಿನಷ್ಟು ಇಯರ್‌ಫೋನ್ ಇದೆಯೆಂದು ಎಲ್ಲರಿಗೂ ಗೊತ್ತಿರುವುದರಿಂದ ಯಾರೂ ತಿರುಗಿ ನೋಡುವುದಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಇದೇ ರಸ್ತೆಯಲ್ಲಿ ಯಾರಾದರೂ ಹೀಗೆ ನಡೆದು ಹೋಗಿದ್ದರೆ, ಅಂಗಡಿ ಕಟ್ಟೆಯ ಮೇಲಿದ್ದವರು ಮುಖ ಮುಖ ನೋಡಿಕೊಂಡು 'ಯೆರವಡಾ ಗಿರಾಕಿ', ಅಂದರೆ ಹೊಳೆಯಾಚೆಯ ಮಾನಸಿಕ ಆಸ್ಪತ್ರೆಗೆ ಸೇರಬೇಕಾದವನು, ಎಂದು ನಗುತ್ತಿದ್ದರು.

ಈ ಬದಲಾವಣೆಯಿಂದ ಉಪಕಾರವಾಗಿರುವುದು ಒಂದು ವರ್ಗಕ್ಕೆ. ಸ್ಕಿಜೋಫ್ರೇನಿಯಾ ಇದ್ದು, ಕಿವಿಯಲ್ಲಿ ದನಿ ಕೇಳಿಸಿಕೊಳ್ಳುವವರಿಗೆ. ಬೀದಿಯಲ್ಲಿ ದನಿ ಬೆನ್ನು ಹತ್ತಿದಾಗ ಮೊಬೈಲನ್ನು ಕಿವಿಗೆ ಹಿಡಿದು ಅದಕ್ಕೆ ಉತ್ತರ ಕೊಟ್ಟುಬಿಡುವುದು ಇಂಥವರು ತಾವೇ ಕಂಡುಕೊಂಡ ಉಪಾಯ. 'ಈಗ ಬಿಡುವಿಲ್ಲ, ಆಮೇಲೆ ಮಾತಾಡೋಣ' ಎಂದು ಗಟ್ಟಿಯಾಗಿ ಹೇಳಿದರೂ ಪಕ್ಕದವರಿಗೆ ಅದು ಫೋನಿನ ಮಾತು. ಹಲವು ದೇಶಗಳ ಆಪ್ತಸಲಹೆಗಾರರು ಇದನ್ನೇ ಈಗ ಇತರರಿಗೂ ಹೇಳಿಕೊಡುತ್ತಾರೆ. ಕಾಸು ಖರ್ಚಿಲ್ಲ, ಮಾನವೂ ಹೋಗುವುದಿಲ್ಲ.

ಉಪಾಯದ ಮಾತು ಹಾಗಿರಲಿ. ಮನೆಯವರು ಮೊದಲು ತಿಳಿಯಬೇಕಾದದ್ದು ಬೇರೆ ಇದೆ. ಆ ದನಿ ಅವರಿಗೆ ಕೇಳುತ್ತದೆ. ಕೇಳಿದಂತೆ ಅನ್ನಿಸುವುದಲ್ಲ, ನಟನೆಯಲ್ಲ, ನೆಪವಲ್ಲ. ಅಡುಗೆಮನೆಯಿಂದ ಅಮ್ಮ ಕೂಗಿದ್ದು ಹೇಗೆ ಕೇಳುತ್ತದೋ ಹಾಗೆಯೇ ಕೇಳುತ್ತದೆ. ಅಂಥ ಗಳಿಗೆಯಲ್ಲಿ ಮಿದುಳಿನ ಚಿತ್ರ ತೆಗೆದರೆ, ಮಾತಾಡುವಾಗಲೂ ಮಾತು ಕೇಳಿಸಿಕೊಳ್ಳುವಾಗಲೂ ಕೆಲಸ ಮಾಡುವ ಭಾಗಗಳು ಚುರುಕಾಗಿರುವುದು ಕಾಣುತ್ತದೆ. 'ಯಾರೂ ಇಲ್ಲ, ಎಲ್ಲಾ ನಿನ್ನ ಭ್ರಮೆ' ಎಂದು ವಾದಿಸುವ ಮನೆ ಸೋಲುವುದು ಅದಕ್ಕೇ. ಕೇಳಿಸಿಕೊಂಡ ಕಿವಿ ಅವರದು, ವಾದಿಸುವ ಬಾಯಿ ನಮ್ಮದು.

ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು 1908ರಲ್ಲಿ ಕೊಟ್ಟವನು ಸ್ವಿಟ್ಜರ್ಲೆಂಡಿನ ಮನೋವೈದ್ಯ ಯೂಜೆನ್ ಬ್ಲಾಯ್ಲರ್. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ 'ಒಡೆದ ಮನಸ್ಸು'. ಈ ಹೆಸರಿನಿಂದಲೇ ಒಂದು ತಪ್ಪು ಕಲ್ಪನೆ ಹುಟ್ಟಿಕೊಂಡಿತು. ಒಬ್ಬನೇ ಮನುಷ್ಯ ಹಗಲು ಒಬ್ಬ, ರಾತ್ರಿ ಇನ್ನೊಬ್ಬ ಆಗುವ ಸಿನಿಮಾ ಕಥೆಗಳಿಗೂ ಈ ಕಾಯಿಲೆಗೂ ಸಂಬಂಧವಿಲ್ಲ. ಇಲ್ಲಿ ಒಡೆಯುವುದು ಯೋಚನೆ, ಭಾವನೆ, ಗ್ರಹಿಕೆಗಳ ನಡುವಿನ ಹೊಂದಾಣಿಕೆ. ಕನ್ನಡದಲ್ಲಿ ಚಿತ್ತವಿಕಲತೆ, ಇಚ್ಛಿತ್ತ ವಿಕಲತೆ ಎಂಬ ಪದಗಳಿವೆ. ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತವೆ, ಆದರೆ ಓಪಿಡಿ ಸಾಲಿನಲ್ಲಿ ನಿಂತವರ ಬಾಯಲ್ಲಿ ಅವು ಬರುವುದಿಲ್ಲ. ಅಲ್ಲಿ ಇರುವ ಮಾತು ಇಷ್ಟೆ: 'ಅವನ ಕಿವ್ಯಾಗ ಯಾರೋ ಮಾತಾಡ್ತಾರ್ರೀ.'

ವಿಶ್ವ ಆರೋಗ್ಯ ಸಂಸ್ಥೆಯ 2022ರ ಲೆಕ್ಕದಲ್ಲಿ ಜಗತ್ತಿನಲ್ಲಿ ಸುಮಾರು 2.4 ಕೋಟಿ ಜನರಿಗೆ, ಅಂದರೆ 300ಕ್ಕೆ ಒಬ್ಬರಿಗೆ ಈ ಕಾಯಿಲೆ ಇತ್ತು. ಅವರಲ್ಲಿ ನೂರಕ್ಕೆ 60ರಿಂದ 80 ಮಂದಿ ಒಂದಲ್ಲ ಒಂದು ಹಂತದಲ್ಲಿ ದನಿ ಕೇಳಿಸಿಕೊಳ್ಳುತ್ತಾರೆ. ಗಂಡಸರಲ್ಲಿ ಸಾಮಾನ್ಯವಾಗಿ ಹದಿವಯಸ್ಸಿನ ಕೊನೆಯಿಂದ ಇಪ್ಪತ್ತೈದರೊಳಗೆ, ಹೆಂಗಸರಲ್ಲಿ ಕೆಲವು ವರ್ಷ ತಡವಾಗಿ ಶುರುವಾಗುತ್ತದೆ. ಡಿಗ್ರಿ ಮುಗಿಯುವ, ಕೆಲಸ ಸಿಗುವ, ಮದುವೆ ಗೊತ್ತಾಗುವ ವಯಸ್ಸು ಅದು. ಮನೆಯವರು ಮುಚ್ಚಿಡಲು ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಕೊತ್ತಂಬರಿ ಕಟ್ಟು ಮತ್ತು ಕಾಗದದ ಸುರುಳಿ

ದನಿ ಎಂದರೆ ಯಾವ ಬಗೆಯದು? ಎಲ್ಲರದೂ ಒಂದೇ ಅಲ್ಲ. ಕೆಲವರಿಗೆ ಪಿಸುಮಾತು, ಕೆಲವರಿಗೆ ಎದುರು ಕೂತು ಮಾತಾಡಿದಷ್ಟು ಸ್ಪಷ್ಟ, ಕೆಲವರಿಗೆ ಚೀರಾಟ. ಗೋಡೆಯಾಚೆಯಿಂದ, ಫ್ಯಾನಿನ ಸದ್ದಿನೊಳಗಿನಿಂದ, ತಲೆಯ ಒಳಗಿನಿಂದ ಬರಬಹುದು. ಪರಿಚಿತರದ್ದಾಗಿರಬಹುದು, ದೇವರದ್ದಾಗಿರಬಹುದು, ಹೆಸರೇ ಇಲ್ಲದವರದ್ದಾಗಿರಬಹುದು. ಜರ್ಮನಿಯ ವೈದ್ಯ ಕುರ್ಟ್ ಶ್ನೈಡರ್ ಕಳೆದ ಶತಮಾನದಲ್ಲಿ ಮೂರು ಬಗೆಗಳನ್ನು ವಿಶೇಷವಾಗಿ ಗುರುತಿಸಿದ್ದ. ಇಬ್ಬರು ಸೇರಿ ನಿಮ್ಮ ಬಗ್ಗೆ ವಾದಿಸುವುದು ಒಂದು. ನೀವು ಮಾಡುವ ಪ್ರತಿ ಕೆಲಸಕ್ಕೂ ಕ್ರಿಕೆಟ್ ಕಾಮೆಂಟರಿಯಂತೆ ಟೀಕೆ ಹೇಳುತ್ತ ಹೋಗುವುದು ಇನ್ನೊಂದು: 'ಈಗ ಎದ್ದ, ಈಗ ಚಪ್ಪಲಿ ಹಾಕಿಕೊಂಡ'. ಮನಸ್ಸಿನಲ್ಲಿ ಅಂದುಕೊಂಡದ್ದು ಗಟ್ಟಿಯಾಗಿ ಕೇಳುವುದು ಮೂರನೆಯದು. ಈ ಮೂರನೆಯದು ಎಷ್ಟು ಭಯಂಕರ ಎಂದು ಯೋಚಿಸಿ. ಬಸ್ಸಿನಲ್ಲಿ ಕೂತ ರೋಗಿ, ತನಗೆ ಕೇಳಿದ್ದು ಅಲ್ಲಿದ್ದ ಎಲ್ಲರಿಗೂ ಕೇಳಿರಬೇಕು ಎಂದೇ ನಂಬಿಬಿಡಬಹುದು.

ಇಂಗ್ಲೆಂಡಿನ ಡರ್‌ಹ್ಯಾಮ್ ವಿಶ್ವವಿದ್ಯಾಲಯದ ತಂಡ 2015ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ದನಿ ಕೇಳುವ 153 ಜನರಿಂದ ಅವರವರ ಮಾತಿನಲ್ಲೇ ಅನುಭವ ಬರೆಸಿಕೊಂಡಿತು. ಹತ್ತರಲ್ಲಿ ಎಂಟು ಮಂದಿಗೆ ಒಂದಕ್ಕಿಂತ ಹೆಚ್ಚು ದನಿಗಳು. ಬಹಳ ಜನರಿಗೆ ದನಿ ಬರುವಾಗ ಮೈ ಬಿಸಿಯಾಗುವುದು, ಕೈಕಾಲು ಜುಮುಗುಡುವುದು. ಕೆಲವರಿಗೆ ಅದು ಕಿವಿಗೆ ಬೀಳುವ ಸದ್ದೇ ಅಲ್ಲ, ಮಾತಿಗೂ ಯೋಚನೆಗೂ ನಡುವಿನ ಏನೋ ಒಂದು. ಹುಟ್ಟಿನಿಂದಲೇ ಕಿವುಡರಾದ ರೋಗಿಗಳಲ್ಲೂ ಇಂಥದೇ ಅನುಭವ ದಾಖಲಾಗಿದೆ. ಅವರಲ್ಲಿ ಕೆಲವರಿಗೆ ಮನಸ್ಸಿನ ಮುಂದೆ ಯಾರದೋ ತುಟಿ ಅಲ್ಲಾಡಿದ ಹಾಗೆ, ಕೈಗಳು ಸನ್ನೆ ಮಾಡಿದ ಹಾಗೆ ಆಗಿ ಮಾತು ತಿಳಿಯುತ್ತದೆ.

ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಪ್ರಯೋಗವಿದೆ. ಪ್ಯಾಟ್ರಿಶಿಯಾ ಡೀಗನ್ ಎಂಬ ಅಮೆರಿಕದ ಮಹಿಳೆಗೆ ಹದಿಹರೆಯದಲ್ಲೇ ಸ್ಕಿಜೋಫ್ರೇನಿಯಾ ಎಂದು ವೈದ್ಯರು ಹೇಳಿದ್ದರು. ಆಕೆ ಮುಂದೆ ಮನಶ್ಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ವೈದ್ಯರು, ನರ್ಸ್‌ಗಳು, ಪೊಲೀಸರಿಗಾಗಿ ಅವರು ರೂಪಿಸಿದ ತರಬೇತಿಯಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ, ಅದರಲ್ಲಿ ಬೈಗುಳ, ಪಿಸುಮಾತು, ಅಪ್ಪಣೆಗಳನ್ನು ಬಿಟ್ಟೂಬಿಡದೆ ಕೇಳಿಸುತ್ತ, ಸಾಮಾನ್ಯ ಕೆಲಸಗಳನ್ನು ಮಾಡಲು ಹೇಳುತ್ತಾರೆ. ಹೆಡ್‌ಫೋನ್ ಇಲ್ಲದಿದ್ದರೆ ದಪ್ಪ ಕಾಗದದ ಸುರುಳಿ ಸಾಕು. ಒಬ್ಬರು ಪ್ರಶ್ನೆ ಕೇಳಬೇಕು, ಒಬ್ಬರು ಉತ್ತರಿಸಬೇಕು, ಮೂರನೆಯವರು ಉತ್ತರಿಸುವವರ ಕಿವಿಗೆ ಸುರುಳಿ ಹಿಡಿದು ಪಿಸುಗುಡುತ್ತಲೇ ಇರಬೇಕು.

ಇದೇ ಪ್ರಯೋಗವನ್ನು ಕ್ಯಾಂಪಿನ ಶಿವಾಜಿ ಮಾರ್ಕೆಟ್ಟಿಗೆ ಒಯ್ಯಿರಿ. ಸೊಪ್ಪಿನವಳ ಮುಂದೆ ನಿಂತು 'ಕೋಥಿಂಬೀರ ಕಶೀ ದಿಲೀ?' ಎಂದು ಮರಾಠಿಯಲ್ಲಿ ಕೊತ್ತಂಬರಿಯ ರೇಟು ಕೇಳಬೇಕು, ಅಷ್ಟೇ ಕೆಲಸ. ಅದೇ ಹೊತ್ತಿಗೆ ಎಡಗಿವಿಯಲ್ಲಿ ಒಂದು ಹೆಂಗಸಿನ ದನಿ: 'ನೋಡು, ಮೋಸ ಮಾಡ್ತಾಳ. ನಿನಗ ಲೆಕ್ಕಾ ಬರಂಗಿಲ್ಲ. ಎಲ್ಲಾರೂ ನಿನ್ನ ನೋಡಲಿಕ್ಕತ್ತಾರ. ಓಡು.' ಸೊಪ್ಪಿನವಳು ಹೇಳಿದ ರೇಟು ಕೇಳುವುದಿಲ್ಲ. ಇನ್ನೊಮ್ಮೆ ಕೇಳುತ್ತೀರಿ. ಆಕೆ ಇನ್ನೊಮ್ಮೆ ಹೇಳುತ್ತಾಳೆ. ಕಿವಿಯ ದನಿ ನಗುತ್ತದೆ. ಆಕೆಯೇ ನಕ್ಕಳೇನೋ ಎಂದು ನಿಮಗೆ ಅನುಮಾನ. ಕೈಯಲ್ಲಿದ್ದ ನೋಟು ಅಲ್ಲೇ ಬಿಟ್ಟು, ಸೊಪ್ಪೂ ಇಲ್ಲದೆ ಹೊರಟುಬಿಡುತ್ತೀರಿ. ಮನೆಗೆ ಬಂದಾಗ ಕಾದಿರುವುದು 'ಒಂದು ಕೊತ್ತಂಬರಿ ತರಲಿಕ್ಕೂ ಆಗಂಗಿಲ್ಲೇನು ನಿನಗ?' ಎಂಬ ಮಾತು.

'ಸೋಮಾರಿ', 'ಬೆಳೆದ ಮಗ ಮೂಲೆ ಹಿಡಿದು ಕೂತಿದ್ದಾನೆ' ಎಂದು ಬಂಧುಗಳು ಆಡಿಕೊಳ್ಳುವ ಎಷ್ಟೋ ಹುಡುಗರು ದಿನವಿಡೀ ನಡೆಸುತ್ತಿರುವ ಹೋರಾಟ ಇದು.

ಒಳಮಾತು ಹೊರಗಿನದಾಗಿ ಕೇಳುವುದು

ಎಲ್ಲರ ತಲೆಯಲ್ಲೂ ಒಂದು ಮಾತು ನಡೆಯುತ್ತಲೇ ಇರುತ್ತದೆ. ಬೀಗ ಹಾಕಿದೆನೋ ಇಲ್ಲವೋ, ಸಂಜೆ ಸಾರಿಗೆ ಏನು, ಅವನಿಗೆ ಹಾಗೆ ಹೇಳಬಾರದಿತ್ತು. ಇದು ನನ್ನದೇ ಮಾತು ಎಂದು ಮಿದುಳು ಗುರುತು ಹಾಕಿಕೊಳ್ಳುವುದರಿಂದ ನಮಗೆ ಗಾಬರಿಯಿಲ್ಲ. ತನ್ನ ಅಂಗಾಲಿಗೆ ತಾನೇ ಕಚಗುಳಿ ಇಟ್ಟುಕೊಂಡರೆ ನಗು ಬರದಿರುವುದೂ ಈ ಗುರುತಿನಿಂದಲೇ. ಕೈ ಅಲ್ಲಾಡುವ ಮೊದಲೇ 'ಇದು ನಮ್ಮ ಕೈ' ಎಂಬ ಸುದ್ದಿ ಮಿದುಳಿನೊಳಗೆ ಹೋಗಿರುತ್ತದೆ. ದನಿ ಕೇಳುವ ರೋಗಿಗಳಲ್ಲಿ ಈ ಸುದ್ದಿ ಸರಿಯಾಗಿ ಮುಟ್ಟುವುದಿಲ್ಲ ಎನ್ನುವುದು ಇಂದಿನ ಮುಖ್ಯ ವಿವರಣೆಗಳಲ್ಲಿ ಒಂದು. ಲಂಡನ್ನಿನಲ್ಲಿ ನಡೆದ ಪ್ರಯೋಗದಲ್ಲಿ ಅಂಥವರಿಗೆ ತಮ್ಮದೇ ಕೈಯ ಕಚಗುಳಿಯೂ ಬೇರೆಯವರ ಕಚಗುಳಿಯಷ್ಟೇ ಜೋರಾಗಿ ತಟ್ಟಿತು. ಗುರುತು ತಪ್ಪಿದ ಒಳಮಾತು ಹೊರಗಿನವರ ಮಾತಾಗಿ ಕೇಳುತ್ತದೆ.

ಇದಕ್ಕೆ ಹಳೆಯ ಸಾಕ್ಷಿಯೂ ಇದೆ. 1940ರ ದಶಕದ ಕೊನೆಯಲ್ಲಿ ಲೂಯಿಸ್ ಗೂಲ್ಡ್ ಎಂಬ ಅಮೆರಿಕದ ವೈದ್ಯ ದನಿ ಕೇಳುತ್ತಿದ್ದ ರೋಗಿಯೊಬ್ಬಳ ಗಂಟಲಿನ ಸೂಕ್ಷ್ಮ ಸದ್ದನ್ನು ಮೈಕ್ ಹಿಡಿದು ದೊಡ್ಡದು ಮಾಡಿದ. ಆಕೆಗೇ ಗೊತ್ತಿಲ್ಲದೆ ಗಂಟಲು ಪಿಸುಗುಡುತ್ತಿತ್ತು. ದನಿಗಳು ಹೇಳಿದವು ಎಂದು ಆಕೆ ಹೇಳುತ್ತಿದ್ದುದಕ್ಕೆ ಆ ಪಿಸುಮಾತು ಹೊಂದುತ್ತಿತ್ತು. ಹಾಗಿದ್ದರೆ ಗಂಟಲನ್ನು ಬೇರೆ ಕೆಲಸಕ್ಕೆ ಹಚ್ಚಿದರೆ? 1987ರಲ್ಲಿ 18 ರೋಗಿಗಳಿಗೆ ಬಾಯಿ ಅಗಲ ತೆರೆದು ಕೂರಲು ಹೇಳಿದಾಗ 14 ಮಂದಿಗೆ ದನಿ ನಿಂತಿತು. ನಂತರದ ಪ್ರಯೋಗದಲ್ಲಿ ಬಾಯಿ ತೆರೆಯುವುದಕ್ಕಿಂತ ಮೆಲ್ಲಗೆ ಗುನುಗುವುದೇ ಹೆಚ್ಚು ಫಲ ಕೊಟ್ಟಿತು.

ಆದ್ದರಿಂದ ದನಿ ಜೋರಾದಾಗ ಯಾವುದಾದರೂ ಭಜನೆಯನ್ನೋ ಹಳೆಯ ಸಿನಿಮಾ ಹಾಡನ್ನೋ ಗುನುಗುವುದು, ಮಗ್ಗಿ ಹೇಳುವುದು, ಗಟ್ಟಿಯಾಗಿ ಪೇಪರ್ ಓದುವುದು ಬರೀ ಮನಸ್ಸಿನ ಸಮಾಧಾನಕ್ಕೆ ಹೇಳುವ ಮಾತಲ್ಲ. ಮಾತು ತುಂಬಿದ ರೇಡಿಯೋ ಕಾರ್ಯಕ್ರಮ ಕೇಳುವುದೂ ಸಹಾಯವಾಗುತ್ತದೆ. ಅರ್ಥವಿಲ್ಲದ ಗುಂಯ್ ಸದ್ದಿನಿಂದ ಅಷ್ಟು ಉಪಯೋಗವಿಲ್ಲ. ಕೆಲವರಿಗೆ ಫ್ಯಾನು, ಮಿಕ್ಸಿ, ನಲ್ಲಿ ನೀರಿನ ಸದ್ದಿನೊಳಗಿನಿಂದಲೇ ದನಿ ಹುಟ್ಟುತ್ತದೆ. ಯಾರಿಗೆ ಯಾವುದು ಆಗಿಬರುತ್ತದೆ ಎನ್ನುವುದನ್ನು ಅವರವರೇ ಮಾಡಿ ನೋಡಬೇಕು.

ಚೆನ್ನೈನಲ್ಲಿ ಬಂಧುಗಳ ದನಿ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮೂರು ಊರುಗಳಲ್ಲಿ ತಲಾ 20 ರೋಗಿಗಳನ್ನು ಕೂರಿಸಿ ಒಂದೇ ಪ್ರಶ್ನೆ ಕೇಳಿದರು: ನಿಮ್ಮ ದನಿಗಳು ಹೇಗಿವೆ? ಕ್ಯಾಲಿಫೋರ್ನಿಯಾದ ಸ್ಯಾನ್ ಮಟೇಯೋ, ಘಾನಾದ ಅಕ್ರಾ, ನಮ್ಮ ಚೆನ್ನೈ. ಚೆನ್ನೈನ ಮನೋವೈದ್ಯೆ ಆರ್. ಪದ್ಮಾವತಿ ಮತ್ತಿತರರು ಜೊತೆಗಿದ್ದ ಈ ಅಧ್ಯಯನ 2015ರಲ್ಲಿ ಬ್ರಿಟನ್ನಿನ ಮನೋವೈದ್ಯಕೀಯ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಅಮೆರಿಕದವರು ಹೇಳಿದ್ದು ಹೆಚ್ಚಾಗಿ ಹಿಂಸೆಯ ಮಾತು: ಕೊಲ್ಲು, ಯುದ್ಧ, ರಕ್ತ. ಅಕ್ರಾದಲ್ಲಿ ಅರ್ಧದಷ್ಟು ಜನರಿಗೆ ದನಿ ಬಹುಮಟ್ಟಿಗೆ ಒಳ್ಳೆಯದೇ, ದೇವರ ಮಾತು.

ಚೆನ್ನೈನಲ್ಲಿ 20ರಲ್ಲಿ 11 ಮಂದಿಗೆ ಕೇಳುತ್ತಿದ್ದದ್ದು ಬಂಧುಗಳ ದನಿ. ಅವು ಬೈಯುತ್ತಿದ್ದವು, ಹಾಗೆಯೇ ಸ್ನಾನ ಮಾಡು, ಅಡುಗೆ ಮಾಡು, ತಿನ್ನು ಎಂದು ಮನೆಗೆಲಸವನ್ನೂ ಹೇಳುತ್ತಿದ್ದವು. ಭಾರತದ ಕೂಡುಮನೆ ತಲೆಯೊಳಗೂ ಬಿಡುವುದಿಲ್ಲ ಎಂದು ನಗಬಹುದು. ಆದರೆ ಇದರಿಂದ ತಿಳಿಯುವುದು ಬಹಳ. ಕಾಯಿಲೆ ಒಂದೇ ಆದರೂ ದನಿಗೆ ಮಾತು ಕೊಡುವುದು ಆ ಮನುಷ್ಯ ಬದುಕಿದ ಮನೆ, ಬೀದಿ, ಭಾಷೆ. ಇಷ್ಟು ಹೇಳಿ ದನಿಗಳನ್ನು ಚಂದಗಾಣಿಸಲೂ ಬಾರದು. ಚೆನ್ನೈನಲ್ಲೂ ಅಸಹ್ಯದ ಲೈಂಗಿಕ ಮಾತುಗಳಿಂದ ನಾಚಿ ಕುಗ್ಗಿದವರು ಇದ್ದರು.

ಆ ಅಧ್ಯಯನಕ್ಕೆ ಚೆನ್ನೈನಲ್ಲಿ ನೆಲೆಯಾದ ಸ್ಕಾರ್ಫ್ ಸಂಸ್ಥೆಯನ್ನು 1984ರಲ್ಲಿ ಕಟ್ಟಿದ ಡಾ. ಶಾರದಾ ಮೆನನ್ ಹುಟ್ಟಿದ್ದು ಮಂಗಳೂರಿನಲ್ಲಿ, ಮನೋವೈದ್ಯಶಾಸ್ತ್ರ ಕಲಿತದ್ದು ಬೆಂಗಳೂರಿನಲ್ಲಿ, ಈಗ ನಿಮ್ಹಾನ್ಸ್ ಎಂದು ಕರೆಯುವ ಸಂಸ್ಥೆಯಲ್ಲಿ. ದೇಶದ ಮೊದಲ ಮಹಿಳಾ ಮನೋವೈದ್ಯೆ ಎಂಬ ಹೆಸರು ಅವರದು.

ಹೊಳೆಯಾಚೆಯ ಆಸ್ಪತ್ರೆ, ಹೊಳೆಯೀಚೆಯ ಊರು

ಕ್ಯಾಂಪಿನಿಂದ ಬಂಡ್ ಗಾರ್ಡನ್ ಕಡೆ ಹೋಗಿ ಮುಳಾ-ಮುಠಾ ದಾಟಿದರೆ ಯೆರವಡಾ. ಅಲ್ಲಿನ ಪ್ರಾದೇಶಿಕ ಮನೋರೋಗ ಆಸ್ಪತ್ರೆ 2,540 ಹಾಸಿಗೆಗಳಿದ್ದು, ದೇಶದ ಅತಿ ದೊಡ್ಡ ಮಾನಸಿಕ ಆಸ್ಪತ್ರೆಗಳಲ್ಲಿ ಒಂದು. ಪುಣೆಯವರ ಬಾಯಲ್ಲಿ 'ಯೆರವಡಾಕ್ಕೆ ಕಳಿಸಬೇಕು' ಎಂಬುದು ಬೈಗುಳ. ಇಲ್ಲಿ ನೆಲೆಸಿದ ಬೆಳಗಾವಿ, ವಿಜಯಪುರ, ಹುಬ್ಬಳ್ಳಿ ಕಡೆಯ ಕನ್ನಡಿಗರಿಗೆ ಇದು ಹೊಸದಲ್ಲ. 'ಧಾರವಾಡಕ್ಕ ಕಳಸ್ಬೇಕು ನಿನ್ನ' ಎಂಬ ಮಾತನ್ನು ಅವರು ಊರಿನಿಂದಲೇ ಕಟ್ಟಿಕೊಂಡು ಬಂದಿರುತ್ತಾರೆ. ಧಾರವಾಡದಲ್ಲೂ ಇಂಥದೇ ಆಸ್ಪತ್ರೆಯಿದೆ, ಎರಡೂ ಹಳೆಯ ಮುಂಬಯಿ ಪ್ರಾಂತ್ಯದವು. ಧಾರವಾಡದ್ದು ಈಗ ಡಿಮ್ಹಾನ್ಸ್ ಆಗಿದೆ, ಬೈಗುಳ ಮಾತ್ರ ಹಳೆಯದೇ ಉಳಿದಿದೆ. ಊರಿನ ಹೆಸರೇ ಬೈಗುಳವಾದಾಗ ಆ ಊರಿಗೆ ಚಿಕಿತ್ಸೆಗೆ ಹೋಗಲು ಯಾರು ಮುಂದೆ ಬರುತ್ತಾರೆ? ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ 2015–16ರಲ್ಲಿ ಕಂಡಂತೆ, ಇಂಥ ತೀವ್ರ ಕಾಯಿಲೆಯಿದ್ದವರಲ್ಲೂ ನಾಲ್ವರಲ್ಲಿ ಮೂವರು ಚಿಕಿತ್ಸೆಯ ಹೊರಗಿದ್ದರು.

ಬೈಗುಳದ ಊರಾದ ಪುಣೆಯಲ್ಲೇ ಈ ಕಾಯಿಲೆಯ ಬಗ್ಗೆ ಬಾಯಿಬಿಟ್ಟು ಮಾತಾಡಿದವರೂ ಇದ್ದಾರೆ. ಧುಳೆ ಮೂಲದ ಜಗನ್ನಾಥ ವಾಣಿ ಕೆನಡಾದ ಕ್ಯಾಲ್ಗರಿಯಲ್ಲಿ ಸಂಖ್ಯಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ಪತ್ನಿಗೆ ಸ್ಕಿಜೋಫ್ರೇನಿಯಾ. ಆಕೆಯನ್ನು ನೋಡಿಕೊಂಡ ಅನುಭವದ ಮೇಲೆ ವಾಣಿ 1997ರಲ್ಲಿ ಪುಣೆಯಲ್ಲಿ ಸ್ಕಿಜೋಫ್ರೇನಿಯಾ ಅವೇರ್‌ನೆಸ್ ಅಸೋಸಿಯೇಷನ್ ಆರಂಭಿಸಿದರು. ಧಾಯರಿಯಲ್ಲಿ ಅದರ ಪುನರ್ವಸತಿ ಕೇಂದ್ರವಿದೆ, ರೋಗಿಗಳ ಮನೆಯವರು ಒಟ್ಟಿಗೆ ಕೂತು ಮಾತಾಡುವ ಗುಂಪುಗಳಿವೆ. ವಾಣಿಯವರ ಬೆಂಬಲದಿಂದಲೇ 2004ರಲ್ಲಿ 'ದೇವರಾಯಿ' ಎಂಬ ಮರಾಠಿ ಸಿನಿಮಾ ಬಂತು. ನಿರ್ದೇಶಕರು ಸುಮಿತ್ರಾ ಭಾವೆ ಮತ್ತು ಸುನೀಲ್ ಸುಖ್ತಣಕರ್. ದೇವರಾಯಿ ಅಂದರೆ ನಮ್ಮ ದೇವರಕಾಡು. ಕೊಂಕಣದ ತನ್ನೂರಿನ ಅಂಥ ಕಾಡಿನ ಧ್ಯಾನದಲ್ಲೇ ಕಳೆದುಹೋಗುವ ಶೇಷ ಎಂಬ ರೋಗಿಯ ಪಾತ್ರ ಮಾಡಿದವರು ಬೆಳಗಾವಿಯಲ್ಲಿ ಹುಟ್ಟಿದ ಅತುಲ್ ಕುಲಕರ್ಣಿ. 'ಆ ದಿನಗಳು' ನೋಡಿದ ಕನ್ನಡಿಗರಿಗೆ ಅವರ ಪರಿಚಯ ಬೇಕಿಲ್ಲ. ರೋಗಿಯನ್ನು ನಗೆಪಾಟಲು ಮಾಡದ, ಕೊಲೆಗಾರನನ್ನೂ ಮಾಡದ ಚಿತ್ರ ಅದು. ಕನ್ನಡ ತೆರೆಗೂ ಅಂಥ ಪಾತ್ರ ಬೇಕಾಗಿದೆ.

ಪುಣೆಯದೇ ಇನ್ನೊಂದು ಹೆಸರು ರೇಶ್ಮಾ ವಲ್ಲಿಯಪ್ಪನ್. ಇಪ್ಪತ್ತರ ಹರೆಯದಲ್ಲಿ ಸ್ಕಿಜೋಫ್ರೇನಿಯಾ ಎಂದು ಹೇಳಿಸಿಕೊಂಡ ಈ ಕಲಾವಿದೆಯ ಬದುಕಿನ ಮೇಲೆ ಅಪರ್ಣಾ ಸಾನ್ಯಾಲ್ 2011ರಲ್ಲಿ 'ಎ ಡ್ರಾಪ್ ಆಫ್ ಸನ್‌ಶೈನ್' ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದಕ್ಕೆ ರಾಷ್ಟ್ರಪ್ರಶಸ್ತಿ ಬಂತು. 2015ರಲ್ಲಿ ರೇಶ್ಮಾ ತಮ್ಮ ಕಥೆಯನ್ನು ತಾವೇ ಪುಸ್ತಕವಾಗಿ ಬರೆದರು. ಚಿತ್ರ ಬಿಡಿಸುತ್ತ, ತಮ್ಮ ಅನುಭವಗಳಿಗೆ ಬೆನ್ನು ತಿರುಗಿಸದೆ, ಮಾತ್ರೆಯಿಂದ ಹೊರಬಂದು ಬದುಕುವ ದಾರಿ ಹುಡುಕಿಕೊಂಡವರು ಅವರು. ಭಾರ್ಗವಿ ದಾವರ್ ಇದೇ ನಗರದಲ್ಲಿ 1999ರಲ್ಲಿ ಬಾಪು ಟ್ರಸ್ಟ್ ಕಟ್ಟಿದರು. ಮಾನಸಿಕ ಆಸ್ಪತ್ರೆಗಳಲ್ಲಿ ನರಳಿದ ತಮ್ಮ ತಾಯಿಯ ಹೆಸರನ್ನೇ ಸಂಸ್ಥೆಗೆ ಇಟ್ಟರು. ಬೀಗ ಹಾಕಿದ ವಾರ್ಡಿನ ಬದಲು ಪುಣೆಯ ಕೊಳೆಗೇರಿಗಳಲ್ಲೇ ನೆರವು ಸಿಗಬೇಕೆಂದು ಅವರು 2024ರಲ್ಲಿ ತೀರಿಕೊಳ್ಳುವವರೆಗೂ ವಾದಿಸಿದರು.

ರೇಶ್ಮಾ ದಾರಿ ಎಲ್ಲರ ದಾರಿಯಲ್ಲ ಎನ್ನುವುದನ್ನು ಇಲ್ಲೇ ಹೇಳಿಬಿಡಬೇಕು. 1999ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಮೊದಲ ಸಲದ ಕಾಯಿಲೆಯಿಂದ ಚೇತರಿಸಿಕೊಂಡವರು ಮಾತ್ರೆ ಬಿಟ್ಟಾಗ ಕಾಯಿಲೆ ಮರುಕಳಿಸುವ ಅಪಾಯ ಸುಮಾರು ಐದು ಪಟ್ಟು ಹೆಚ್ಚಿತು. ಕಡಿಮೆ ಮಾಡಬೇಕೆಂದಿದ್ದರೆ ವೈದ್ಯರಿಗೆ ಹೇಳಿ, ನಿಧಾನವಾಗಿ, ಮನೆಯವರ ಕಣ್ಣೆದುರಿನಲ್ಲೇ ಆಗಬೇಕು. 'ಈಗ ಆರಾಮ ಅದಾನ' ಎಂದು ಮಾತ್ರೆಯ ಶೀಟು ಎಸೆಯುವುದು ಬೇಡ.

ಮನೆಯಲ್ಲಿ ಆಡುವ ಮಾತು

ಮಗ ಗೋಡೆಯ ಕಡೆ ತಿರುಗಿ ಬೈಯುತ್ತಿದ್ದಾನೆ. ಅಮ್ಮನ ಬಾಯಿಗೆ ಮೊದಲು ಬರುವುದು: 'ಯಾರದಾರೋ ಅಲ್ಲಿ? ಹುಚ್ಚು ಹಿಡದದೇನು?' ಇದರಿಂದ ಆತ ಮತ್ತೆ ಹೇಳುವುದನ್ನೇ ನಿಲ್ಲಿಸುತ್ತಾನೆ. ದನಿ ನಿಲ್ಲುವುದಿಲ್ಲ. ಇನ್ನೊಂದು ತುದಿಯೂ ತಪ್ಪು. 'ಹೌದಪಾ, ನನಗೂ ಕೇಳಿಸ್ತು' ಎಂದು ಸುಳ್ಳು ಹೇಳಿದರೆ ಭಯಕ್ಕೆ ಸಾಕ್ಷಿ ಹೇಳಿದಂತಾಗುತ್ತದೆ. ನಡುವಿನ ಮಾತು ಹೀಗಿರಬಹುದು: 'ನನಗೇನೂ ಕೇಳವಲ್ದಪಾ. ಆದ್ರ ನಿನಗ ಕೇಳ್ತದಂದ್ರ ಭಾಳ ತ್ರಾಸ ಆಗ್ತಿರಬೇಕು. ಏನಂತದ ಅದು?'

ಕೊನೆಯ ಆ ಪ್ರಶ್ನೆಯಲ್ಲೇ ಎಲ್ಲ ಇದೆ. ಅದು ಗಂಡಸಿನ ದನಿಯೋ ಹೆಂಗಸಿನದೋ, ಒಂದೋ ಹಲವೋ, ಯಾವ ಹೊತ್ತಿನಲ್ಲಿ ಹೆಚ್ಚು, ಏನು ಮಾಡಿದರೆ ಕಡಿಮೆ. ನಿದ್ದೆಗೆಟ್ಟ ಮರುದಿನ, ಒಬ್ಬಂಟಿಯಾಗಿದ್ದಾಗ, ಮನೆಯಲ್ಲಿ ಜಗಳವಾದಾಗ ಜೋರಾಗುವುದು ಬಹಳ ಜನರ ಅನುಭವ. ಭಾಷೆಯನ್ನೂ ಕೇಳಿ. ಪುಣೆಯ ಕನ್ನಡ ಮನೆಯ ಹುಡುಗನಿಗೆ ಮನೆಯೊಳಗೆ ಕನ್ನಡ, ಹೊರಗೆ ಮರಾಠಿ, ಕಾಲೇಜಿನಲ್ಲಿ ಹಿಂದಿ, ಇಂಗ್ಲಿಷ್. ದನಿ ಯಾವುದರಲ್ಲೂ ಬರಬಹುದು. ವೈದ್ಯರು ಮರಾಠಿಯಲ್ಲಿ ಕೇಳಿದ್ದಕ್ಕೆ 'ಕಾಹೀ ನಾಹೀ' (ಏನೂ ಇಲ್ಲ) ಎಂದವನು ಕನ್ನಡದಲ್ಲಿ ಕೇಳಿದರೆ ಬಾಯಿಬಿಟ್ಟಾನು. ಕನ್ನಡ ಬಲ್ಲ ಅಕ್ಕನೋ ಕಾಕಾನೋ ಜೊತೆಗೆ ಹೋಗುವುದು ಒಳ್ಳೆಯದು.

ಆ ಪ್ರಶ್ನೆ ಕೇಳಲೇಬೇಕಾದದ್ದಕ್ಕೆ ಇನ್ನೊಂದು ಕಾರಣ, ದನಿ ಅಪ್ಪಣೆ ಕೊಡುತ್ತಿದೆಯೇ ಎಂದು ತಿಳಿಯುವುದು. 'ಬಾವಿಗೆ ಹಾರು', 'ಅವರು ನಿನಗೆ ವಿಷ ಹಾಕುತ್ತಾರೆ, ಹೊಡಿ' ಎಂಬಂಥ ಮಾತಿದ್ದರೆ ಕಾಯುವ ಹೊತ್ತಲ್ಲ. ಅಪ್ಪಣೆ ಬಂದವರೆಲ್ಲ ಅದನ್ನು ಪಾಲಿಸುವುದಿಲ್ಲ, ಬಹಳ ಮಂದಿ ತಡೆದುಕೊಳ್ಳುತ್ತಾರೆ. ಆದರೂ ಅಂಥವರನ್ನು ಒಂಟಿಯಾಗಿ ಬಿಡಬಾರದು. ಕತ್ತಿ, ಕೀಟನಾಶಕ, ಮಾತ್ರೆಯ ಡಬ್ಬಿ ಕೈಗೆ ಸಿಗಬಾರದು. ಅವತ್ತೇ ಆಸ್ಪತ್ರೆಗೆ ಹೋಗಬೇಕು. ಪರಿಸ್ಥಿತಿ ಕೈಮೀರಿದರೆ 112. 'ಸಾಯುವ ಯೋಚನೆ ಬರುತ್ತಾ?' ಎಂದು ನೇರ ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಹೆದರಿಕೆ ಬೇಡ.

ದನಿ ಕೇಳಿದವರೆಲ್ಲ ಸ್ಕಿಜೋಫ್ರೇನಿಯಾದವರೂ ಅಲ್ಲ. ವೇಲ್ಸ್ ನಾಡಿನ ವೈದ್ಯ ಡೆವಿ ರೀಸ್ 1971ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ 293 ವಿಧವೆ, ವಿಧುರರನ್ನು ಮಾತಾಡಿಸಿದಾಗ ಅರ್ಧಕ್ಕೆ ಸಮೀಪ ಮಂದಿಗೆ ತೀರಿಹೋದ ಸಂಗಾತಿ ಒಂದಲ್ಲ ಒಂದು ರೀತಿಯಲ್ಲಿ ಅನುಭವಕ್ಕೆ ಬಂದಿದ್ದರು. ನೂರರಲ್ಲಿ ಹದಿಮೂರು ಮಂದಿಗೆ ದನಿಯೇ ಕೇಳಿತ್ತು. ಅವರು ಆರೋಗ್ಯವಂತರು. ದಿನಾ ಕುಡಿಯುವವರು ಏಕಾಏಕಿ ಬಿಟ್ಟ ಎರಡು ಮೂರು ದಿನದಲ್ಲಿ ದನಿ ಕೇಳಬಹುದು, ಅದು ತುರ್ತು ಚಿಕಿತ್ಸೆಯ ಸ್ಥಿತಿ. ವಯಸ್ಸಾದವರಿಗೆ ಹೊಸದಾಗಿ ಶುರುವಾದರೆ ಸೋಂಕು, ಮರೆವಿನ ಕಾಯಿಲೆ, ಕಿವುಡುತನ ನೋಡಬೇಕು. ಅಪಸ್ಮಾರ, ಗಾಂಜಾ, ಕೆಲವು ಔಷಧಿಗಳೂ ಕಾರಣವಾಗುತ್ತವೆ. ಹೆಸರು ಅಂಟಿಸುವ ಕೆಲಸ ವೈದ್ಯರಿಗೆ ಬಿಟ್ಟದ್ದು, ನೆರೆಯವರಿಗಲ್ಲ.

ಮಾತ್ರೆ, ಮಂತ್ರ, ಕಾನೂನು

ಗಾಳಿ ಸೋಕಿದೆ, ಮಾಟ ಮಾಡಿಸಿದ್ದಾರೆ ಎಂದು ಮೊದಲು ದರ್ಗಾಕ್ಕೋ ದೇವಸ್ಥಾನಕ್ಕೋ ಹೋಗುವವರನ್ನು ಬೈದು ಫಲವಿಲ್ಲ. ಅಂಗಾರ, ತಾಯತದಿಂದ ಹಾನಿಯಿಲ್ಲ. ಮಾತ್ರೆ ಬಿಡಿಸಿದರೆ, ಹೊಡೆದರೆ, ಕಟ್ಟಿಹಾಕಿದರೆ ಹಾನಿ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರ ಬೆಳಗಿನ ಜಾವ ದರ್ಗಾ ಬಳಿಯ ಖಾಸಗಿ ಮನೆಯೊಂದಕ್ಕೆ ಬೆಂಕಿ ಬಿದ್ದಾಗ, ಸರಪಳಿಯಲ್ಲಿದ್ದ 28 ರೋಗಿಗಳು ಓಡಲಾಗದೆ ಸತ್ತರು. (ಹೆಸರು ಹತ್ತಿರವಿದೆಯೆಂದು ಏರ್ವಾಡಿಯನ್ನೂ ಯೆರವಡಾವನ್ನೂ ಒಂದೇ ಮಾಡುವವರಿದ್ದಾರೆ, ನಡುವೆ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ಇದೆ.) 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಸರಪಳಿ ಹಾಕುವುದನ್ನು ನಿಷೇಧಿಸಿದೆ. ಅರಿವಳಿಕೆ ಕೊಡದೆ ಶಾಕ್ ಚಿಕಿತ್ಸೆ ಮಾಡುವಂತಿಲ್ಲ. ಮುಂದೆ ತನಗೆ ಕಾಯಿಲೆ ಜೋರಾದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರ ಯಾರು ಮಾತಾಡಬೇಕು ಎಂದು ಯಾವ ವಯಸ್ಕರೂ ಮೊದಲೇ ಬರೆದಿಡಬಹುದು. ಈ ಹಕ್ಕು ಬಳಸಿದವರು ಕಡಿಮೆ. ಚೆನ್ನಾಗಿರುವ ದಿನಗಳಲ್ಲೇ ಬರೆಸಿಟ್ಟರೆ ಆಮೇಲಿನ ಎಷ್ಟೋ ಜಗಳ ಉಳಿಯುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿ ಸ್ಕಿಜೋಫ್ರೇನಿಯಾದಿಂದಾದ ಅಂಗವೈಕಲ್ಯಕ್ಕೂ ಪ್ರಮಾಣಪತ್ರ ಸಿಗುತ್ತದೆ; ಹೆಚ್ಚಿನ ಸೌಲಭ್ಯಗಳಿಗೆ ಶೇ 40 ಆಗಿರಬೇಕು.

ಕ್ಯಾಂಪಿನ ಅಂಚಿನಲ್ಲೇ, ರೈಲು ನಿಲ್ದಾಣದ ಹತ್ತಿರ ಸಸೂನ್ ಆಸ್ಪತ್ರೆ ಇದೆ. ಮನೋವೈದ್ಯಕೀಯ ವಿಭಾಗವಿರುವ ಸಾರ್ವಜನಿಕ ಆಸ್ಪತ್ರೆ. ಯೆರವಡಾ ಎಂದರೆ ಹಿಂಜರಿಯುವವರು ಇಲ್ಲಿಂದ ಶುರುಮಾಡಬಹುದು. ರಿಸ್ಪೆರಿಡೋನ್, ಒಲಾಂಜಪಿನ್‌ನಂಥ ಮಾತ್ರೆಗಳು ದನಿಯನ್ನು ಒಂದೇ ರಾತ್ರಿಯಲ್ಲಿ ನಿಲ್ಲಿಸುವುದಿಲ್ಲ. ಮೊದಲು ನಿದ್ದೆ ಬರುತ್ತದೆ, ಆಮೇಲೆ ದನಿ ದೂರ ಸರಿದಂತೆ, ಪಕ್ಕದ ಕೋಣೆಯ ರೇಡಿಯೋದಂತೆ ಆಗುತ್ತದೆ. ವಾರಗಳು ಬೇಕು. ತೂಕ, ಸಕ್ಕರೆ, ಕೈನಡುಕ, ಲೈಂಗಿಕ ತೊಂದರೆಗಳ ಬಗ್ಗೆ ವೈದ್ಯರನ್ನು ಸಂಕೋಚವಿಲ್ಲದೆ ಕೇಳಬೇಕು. ಇವನ್ನು ಹೇಳಲಾಗದೆಯೇ ಬಹಳ ಮಂದಿ ಮಾತ್ರೆ ಬಿಡುತ್ತಾರೆ. ಎರಡು ಔಷಧಿ ಸರಿಯಾಗಿ ತೆಗೆದುಕೊಂಡರೂ ಬಗ್ಗದಿದ್ದರೆ ಕ್ಲೋಜಪಿನ್ ಇದೆ. ಬಿಳಿ ರಕ್ತಕಣ ಅಪಾಯಕರವಾಗಿ ಇಳಿಯಬಹುದಾದ್ದರಿಂದ ಮೊದಲ 18 ವಾರ ಪ್ರತಿ ವಾರವೂ ರಕ್ತ ಪರೀಕ್ಷೆ ತಪ್ಪಿಸುವಂತಿಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಲೆಯ ಎಡಬದಿಗೆ 2 ಮಿಲಿಆಂಪಿಯರ್‌ನಷ್ಟು ಅತಿ ಸಣ್ಣ ವಿದ್ಯುತ್ತನ್ನು 20 ನಿಮಿಷ ಹಾಯಿಸುವ ಚಿಕಿತ್ಸೆಯನ್ನು ಔಷಧಿಯ ಜೊತೆಗೆ ಕೊಟ್ಟು ದನಿ ತಗ್ಗಿಸುವ ಪ್ರಯೋಗಗಳು ನಡೆದಿವೆ. ಇದು ಶಾಕ್ ಅಲ್ಲ, ರೋಗಿ ಎಚ್ಚರವಾಗಿಯೇ ಕೂತಿರುತ್ತಾನೆ. ಲಂಡನ್ನಿನಲ್ಲಿ ರೋಗಿ ತನ್ನ ದನಿಗೆ ಕಂಪ್ಯೂಟರಿನಲ್ಲಿ ಮುಖ ಕೊಟ್ಟು, ಅದರೆದುರು ನಿಂತು ಉತ್ತರ ಹೇಳುವುದನ್ನು ಕಲಿಸುತ್ತಾರೆ.

ದನಿ ಪೂರ್ತಿ ನಿಲ್ಲದೆಯೂ ಬದುಕು ನಡೆಸಿದವರಿದ್ದಾರೆ. 1994ರ ನೊಬೆಲ್ ಪಡೆದ ಗಣಿತಜ್ಞ ಜಾನ್ ನ್ಯಾಶ್ ಕಥೆಯ ಸಿನಿಮಾದಲ್ಲಿ ಇಲ್ಲದ ಮನುಷ್ಯರು ಅವರ ಕಣ್ಣಿಗೆ ಕಾಣುತ್ತಾರೆ. ನಿಜದಲ್ಲಿ ನ್ಯಾಶ್‌ಗೆ ಕಂಡದ್ದಲ್ಲ, ಕೇಳಿದ್ದು. ಆ ದನಿಗಳ ಮಾತಿಗೆ ಕಿವಿಗೊಡದಿರುವುದನ್ನು ಅವರು ವರ್ಷಗಟ್ಟಲೆ ಅಭ್ಯಾಸ ಮಾಡಿಕೊಂಡರು.

ಮೊದಲ ಸಲ ಓಪಿಡಿಗೆ ಹೋಗುವವರು ಒಂದು ನಲವತ್ತು ಪುಟದ ನೋಟ್‌ಬುಕ್ ಒಯ್ಯಲಿ. ಎರಡು ವಾರದ್ದು ಸಾಕು: ತಾರೀಖು, ಹೊತ್ತು, ಆಗ ಆತ ಏನು ಮಾಡುತ್ತಿದ್ದ, ಹಿಂದಿನ ರಾತ್ರಿ ಎಷ್ಟು ತಾಸು ಮಲಗಿದ್ದ, ದನಿ ಏನಂತು. ಆತನೇ ಬರೆದರೆ ಇನ್ನೂ ಒಳ್ಳೆಯದು. ಸಾಲಿನಲ್ಲಿ ಗಂಟೆಗಟ್ಟಲೆ ನಿಂತು ಒಳಗೆ ಹೋದಾಗ ಸಿಗುವುದು ಕೆಲವೇ ನಿಮಿಷ, ಆಗ ಮಾತು ಮರೆಯುತ್ತದೆ. ಆಸ್ಪತ್ರೆಗೆ ಹೋಗುವ ಧೈರ್ಯ ಇನ್ನೂ ಬಂದಿಲ್ಲದಿದ್ದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಇದೆ. ಸಂಖ್ಯೆ 14416. ಕರೆ ಉಚಿತ, ಹಗಲು ರಾತ್ರಿ ಯಾವಾಗಲೂ ಮಾಡಬಹುದು, ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ.